ಕೆಳಗೆ ಆಫೀಸು, ಮೇಲೆ ಸಂಸಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಗಳೂ ಕಚೇರಿಗಳೂ ಒಂದೇ ಆವರಣದಲ್ಲಿ ಅಥವಾ ಒಂದೇ ಗೋಪುರದಲ್ಲಿರುವ ಎತ್ತರದ ಕಟ್ಟಡಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಹೆಚ್ಚಿನವು ಬೆಂಗಳೂರಿನವು. ಇಂಥ ಕಡೆ ಜಗಳ ಹುಟ್ಟುವುದು ಮನೆಯೊಳಗೂ ಅಲ್ಲ, ಆಫೀಸಿನೊಳಗೂ ಅಲ್ಲ. ಇಬ್ಬರಿಗೂ ಸೇರಿದ ಪಂಪು, ಪೈಪು, ಜನರೇಟರು, ರ‍್ಯಾಂಪುಗಳಲ್ಲಿ. ಪತ್ರಗಳನ್ನು ಓದುತ್ತ ಹೋದರೆ ನಿಮಗೂ ಹಾಗೇ ಅನ್ನಿಸಬಹುದು.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಫ್ಲಾಟ್ ನೋಡಿದ್ದಾನೆ. ಕೆಳಗಿನ ಎಂಟು ಮಹಡಿ ಆಫೀಸು, ಅದರ ಮೇಲೆ ಇಪ್ಪತ್ತು ಮಹಡಿ ಮನೆ. ಇನ್ನೂ ಕಟ್ಟುತ್ತಿದ್ದಾರೆ. ಬರೀ ಮನೆಗಳಿರುವ ಅಪಾರ್ಟ್‌ಮೆಂಟ್‌ಗಿಂತ ಇಲ್ಲಿ ಹೆಚ್ಚಾಗಿ ಏನು ನೋಡಬೇಕು?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೊದಲು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ತೆಗೆಯಿರಿ. ಮನೆ ಮತ್ತು ಆಫೀಸು ಒಂದೇ ನೋಂದಣಿಯಲ್ಲಿವೆಯೋ, ಎರಡು ಬೇರೆ ನೋಂದಣಿಯೋ? ಎರಡಿದ್ದರೆ ರಸ್ತೆ, ಬೇಸ್‌ಮೆಂಟ್, ನೀರಿನ ತೊಟ್ಟಿ, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಯಾವ ನೋಂದಣಿಯಲ್ಲಿ ತೋರಿಸಿದ್ದಾರೆ ಎಂದು ಹುಡುಕಿ. ಎಸ್‌ಟಿಪಿ ಆಫೀಸಿನ ಹಂತದಲ್ಲಿದ್ದು ಆ ಹಂತ ಎರಡು ವರ್ಷ ತಡವಾದರೆ, ನಿಮ್ಮ ಮಗನ ಮನೆಯ ಕೊಳಚೆ ಅಲ್ಲಿಯತನಕ ಟ್ಯಾಂಕರಿನಲ್ಲೇ ಹೊರಗೆ ಹೋಗಬೇಕಾಗುತ್ತದೆ.

ಎರಡನೆಯದು ಮಂಜೂರಾದ ನಕ್ಷೆ. ಬ್ರೋಷರ್ ಅಲ್ಲ, ಮುದ್ರೆ ಬಿದ್ದ ನಕ್ಷೆ. ಅದರಲ್ಲಿ ಪ್ರತಿ ಮಹಡಿಯ ಬಳಕೆ ಬರೆದಿರುತ್ತದೆ. ಬ್ರೋಷರಿನಲ್ಲಿ ‘ಕ್ಲಬ್ ಹೌಸ್’ ಎಂದಿರುವ ಪೋಡಿಯಂ (ಗೋಪುರದ ಬುಡದ ಅಗಲ ಭಾಗ) ಮಹಡಿ ನಕ್ಷೆಯಲ್ಲಿ ‘ವಾಣಿಜ್ಯ’ ಎಂದಿದ್ದರೆ ಬಿಲ್ಡರ್ ಅದನ್ನು ಯಾವತ್ತಾದರೂ ಹೋಟೆಲಿಗೆ ಬಾಡಿಗೆಗೆ ಕೊಡಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯ ಎಂದು ನಾವು ತಿಳಿಯುವುದು, ಯುಡಿಎಸ್ ಪಟ್ಟಿ, ಎಂದರೆ ಜಾಗದಲ್ಲಿನ ಅವಿಭಜಿತ ಪಾಲು. ನಿಮ್ಮ ಫ್ಲಾಟಿನ ಪಾಲೆಷ್ಟು ಎಂಬುದು ಮಾತ್ರ ಸಾಲದು. ಆಫೀಸು ಭಾಗದ ಒಟ್ಟು ಪಾಲೆಷ್ಟು ಎಂದು ಕೇಳಿ. ಅದು 50 ಶೇಕಡಾ ದಾಟಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಬರುವ ಖರ್ಚು ಹಂಚಿಕೆಯ ಪ್ರಶ್ನೆಯಲ್ಲಿ ಹೇಳಿದ್ದೇವೆ.

ಉಳಿದದ್ದು ಎಲ್ಲ ಯೋಜನೆಗೂ ಒಂದೇ. ಸೇಲ್ ಅಗ್ರಿಮೆಂಟ್ ನೋಂದಣಿಯಾಗುವ ಮುಂಚೆ ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ಕೊಡಬೇಡಿ. ಕೇಳುವ ಹಕ್ಕೂ ಬಿಲ್ಡರ್‌ಗಿಲ್ಲ. ಬೆಲೆ ಮಾತಾಡುವಾಗ ಸಾಮಾನ್ಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟಪ್ ಬಿಟ್ಟು, ಮನೆಯೊಳಗೆ ಬಳಸುವ ನೆಲವಾದ ಕಾರ್ಪೆಟ್ ಏರಿಯಾ ಹಿಡಿಯಿರಿ. ಒಳಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಶಾಫ್ಟ್ (ಕೊಳವೆ, ಕೇಬಲ್ ಹಾಯುವ ನೇರ ಕಂಡಿ), ಬಾಲ್ಕನಿ ಸೇರುವುದಿಲ್ಲ. ಮಂಜೂರಾದ ನಕ್ಷೆಯಲ್ಲಿ ಅಥವಾ ಸಾಮಾನ್ಯ ಜಾಗಗಳಲ್ಲಿ ಆಮೇಲೆ ಬದಲಾವಣೆ ಮಾಡಲು ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಅಗ್ರಿಮೆಂಟಿನ ನಡುವೆ ‘ಮುಂದಿನ ಎಲ್ಲ ಬದಲಾವಣೆಗೂ ಈಗಲೇ ಒಪ್ಪಿದ್ದೇನೆ’ ಎಂಬ ಸಾಲು ಅಡಗಿರುತ್ತದೆ, ಅದನ್ನು ಹೊಡೆದುಹಾಕಿಸಿ.

ಓಸಿ, ಎಂದರೆ ಕಟ್ಟಡ ವಾಸಕ್ಕೆ ಸಿದ್ಧವೆಂದು ಕೊಡುವ ಸ್ವಾಧೀನಾನುಭವ ಪತ್ರ, ಅದರ ಬಗ್ಗೆ ಒಂದು ಮಾತು. ಮಿಶ್ರ ಕಟ್ಟಡಗಳಲ್ಲಿ ಭಾಗಶಃ ಓಸಿ ಪಡೆದು ಮನೆಗಳನ್ನು ಮೊದಲು ಕೊಡುವುದು ರೂಢಿ. ಆಗ ಕೇಳಬೇಕಾದ್ದು: ಆ ಭಾಗಶಃ ಓಸಿಯಲ್ಲಿ ನಿಮ್ಮ ಮಹಡಿಯ ಜೊತೆಗೆ ಬೇಸ್‌ಮೆಂಟ್, ಅಗ್ನಿಶಾಮಕ ಪಂಪ್ ಕೋಣೆ, ಎಸ್‌ಟಿಪಿ ಸೇರಿವೆಯೇ? ಓಸಿ ನೋಡಿದ ಮೇಲೆಯೇ ಕರೆಂಟು, ನೀರು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಹಾಗಾಗಿ ‘ಓಸಿ ಆಮೇಲೆ ಬರುತ್ತೆ, ನೀವು ಗೃಹಪ್ರವೇಶ ಮಾಡ್ಕೊಳ್ಳಿ’ ಎಂಬ ಮಾತಿಗೆ ಮರುಳಾಗುವ ಕಾಲ ಇದಲ್ಲ.

ಪ್ರಶ್ನೆ: ಒಂದೇ ಗೋಪುರವಾದರೆ ಆಫೀಸು ಯಾವಾಗಲೂ ಕೆಳಗೇ ಏಕೆ? ಮೇಲೆ ಆಫೀಸು, ಕೆಳಗೆ ಮನೆ ಕಟ್ಟಬಾರದೇ?
— ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕಟ್ಟಬಾರದೆಂದು ಯಾವ ಶಾಸನವೂ ಇಲ್ಲ, ಕಟ್ಟಿದರೆ ದುಡ್ಡು ದಂಡ. ಆಫೀಸಿಗೆ ಅಗಲವಾದ ಮಹಡಿ ಬೇಕು. ಕಿಟಕಿಯಿಂದ ಹನ್ನೆರಡು ಹದಿನೈದು ಮೀಟರ್ ಒಳಗೂ ದೀಪ ಹಾಕಿಕೊಂಡು ಕೆಲಸ ಮಾಡುತ್ತಾರೆ. ಮನೆಗೆ ಹಾಗಲ್ಲ, ಅಡುಗೆಮನೆಗೂ ಮಲಗುವ ಕೋಣೆಗೂ ಹೊರಗಿನ ಗಾಳಿ ಬೆಳಕು ಬೇಕು. ಆದ್ದರಿಂದ ಕೆಳಗೆ ದಪ್ಪ, ಮೇಲೆ ತೆಳು ಎಂಬುದು ಸಹಜವಾಗಿ ಬರುವ ಆಕಾರ. ಶಿಕಾಗೋದ ಜಾನ್ ಹ್ಯಾನ್‌ಕಾಕ್ ಸೆಂಟರ್ ಇದಕ್ಕೆ ಪಾಠದಂಥ ಕಟ್ಟಡ. ಢಾಕಾದಲ್ಲಿ ಬೆಳೆದ ಎಂಜಿನಿಯರ್ ಫಜ್ಲುರ್ ಖಾನ್ ಮತ್ತು ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅವರ ಕೆಲಸ. 1960ರ ದಶಕದ ಕೊನೆಗೆ ಮೇಲೆದ್ದ 100 ಮಹಡಿ, 344 ಮೀಟರ್. ತಳ ಸುಮಾರು 80ಕ್ಕೆ 50 ಮೀಟರ್, ತುದಿ ಸುಮಾರು 50ಕ್ಕೆ 30. ಕೆಳಗೆ ಅಂಗಡಿ, ಕಾರು, ಆಫೀಸು. 44ನೇ ಮಹಡಿಯಲ್ಲಿ ಲಿಫ್ಟ್ ಬದಲಿಸುವ ಲಾಬಿ. ಅದರ ಮೇಲೆ ಮನೆಗಳು. ಹೊರಮೈಯಲ್ಲಿ ಕತ್ತರಿಯಾಕಾರದಲ್ಲಿ ಬಿಗಿದ ದೊಡ್ಡ ಉಕ್ಕಿನ ತೊಲೆಗಳು ಗಾಳಿಯ ತಳ್ಳನ್ನು ಹೊರುವುದರಿಂದ ಒಳಗಿನ ಕಂಬಗಳ ಚಿಂತೆ ಕಡಿಮೆಯಾಯಿತು.

ಎರಡನೇ ಕಾರಣ ಲಿಫ್ಟು. ಬೆಳಗಿನ ಒತ್ತಡದ ಐದು ನಿಮಿಷದಲ್ಲಿ ಆಫೀಸಿನ 10ರಿಂದ 15 ಶೇಕಡಾ ಜನರನ್ನು ಲಿಫ್ಟು ಸಾಗಿಸಬೇಕು. ಮನೆಗಳಿಗೆ ಸುಮಾರು 7.5 ಶೇಕಡಾ ಸಾಕು. ಆಫೀಸನ್ನು ಮೇಲಿಟ್ಟರೆ ಅಷ್ಟೂ ಲಿಫ್ಟುಗಳ ಶಾಫ್ಟು ಮನೆಗಳ ಮಧ್ಯೆ ತೂರಿ ಹೋಗಬೇಕು. ಮಾರುವ ಜಾಗವೆಲ್ಲ ಅದಕ್ಕೇ ಹೋಗುತ್ತದೆ.

ಮೂರನೆಯದು ಕಂಬಗಳ ಜಾಲ. ಆಫೀಸು ಮತ್ತು ಪಾರ್ಕಿಂಗಿಗೆ 8.4 ಮೀಟರಿನ ಆಸುಪಾಸಿನ ಅಂತರ ಅನುಕೂಲ. ಎರಡು ಕಂಬಗಳ ನಡುವೆ 2.5 ಮೀಟರಿನ ಮೂರು ಕಾರು ನಿಲ್ಲುತ್ತವೆ. ಮನೆಗಳಲ್ಲಿ ಗೋಡೆ ಮೂರು ನಾಲ್ಕು ಮೀಟರಿಗೊಂದು. ಈ ಎರಡು ಜಾಲ ಕೂಡುವ ಕಡೆ ಟ್ರಾನ್ಸ್‌ಫರ್ ಮಹಡಿ ಬರುತ್ತದೆ. ಮೇಲಿನ ಗೋಡೆಗಳ ಭಾರವನ್ನು ಒಂದೂವರೆ ಎರಡು ಮೀಟರ್ ದಪ್ಪದ ತೊಲೆ ಅಥವಾ ಹಾಸು ಹೊತ್ತು ಕೆಳಗಿನ ಕಂಬಗಳಿಗೆ ದಾಟಿಸುತ್ತದೆ. ಬುದ್ಧಿವಂತರು ಅದೇ ಎತ್ತರದಲ್ಲಿ ಸರ್ವಿಸ್ ಮಹಡಿ ಇಟ್ಟು ಮನೆಯ ಕೊಳವೆಗಳನ್ನೆಲ್ಲ ಅಲ್ಲೇ ತಿರುಗಿಸುತ್ತಾರೆ. ಅದರ ಖರ್ಚು ಉಳಿಸಲು ಹೋದವರ ಕಟ್ಟಡದಲ್ಲಿ ಮೇಲಿನ ಮನೆಯ ಬಚ್ಚಲ ಪೈಪು ಕೆಳಗಿನ ಆಫೀಸಿನ ಫಾಲ್ಸ್ ಸೀಲಿಂಗಿನೊಳಗೆ ಅಡ್ಡಡ್ಡ ಓಡುತ್ತದೆ. ಸೋರಿದ ದಿನ ಯಾರ ಕಂಪ್ಯೂಟರ್ ಮೇಲೆ ಏನು ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 50 ಮೀಟರ್ ಮೀರಿದ ಕಾಂಕ್ರೀಟ್ ಕಟ್ಟಡಗಳಿಗಾಗಿಯೇ ಇರುವ ಐಎಸ್ 16700 ಮಾನದಂಡವನ್ನು ಓದಿ, ಇಂಥ ಅಸಮ ಜೋಡಣೆಯ ಬಗ್ಗೆ ಅದರಲ್ಲಿದೆ.

ಬೆಂಗಳೂರಿನಲ್ಲಿ ಪಕ್ಕಪಕ್ಕದ ಮಾದರಿ ಹೆಚ್ಚು. ಮಲ್ಲೇಶ್ವರ–ರಾಜಾಜಿನಗರದ ಬ್ರಿಗೇಡ್ ಗೇಟ್‌ವೇಯ ಸುಮಾರು 40 ಎಕರೆಯಲ್ಲಿ ಮನೆ, 2010ರ ವರ್ಲ್ಡ್ ಟ್ರೇಡ್ ಸೆಂಟರ್, ಮಾಲ್, ಹೋಟೆಲು, ಆಸ್ಪತ್ರೆ, ಶಾಲೆ ಎಲ್ಲಕ್ಕೂ ಬೇರೆ ಬೇರೆ ಕಟ್ಟಡ. ಜಾಗ ಇದ್ದರೆ ಇದೇ ಸುಲಭ. ಟ್ರಾನ್ಸ್‌ಫರ್ ಮಹಡಿಯ ಗೊಡವೆಯಿಲ್ಲ.

ಪ್ರಶ್ನೆ: ನಮ್ಮದು 14ನೇ ಮಹಡಿ. ಪಕ್ಕದಲ್ಲೇ ನಮ್ಮದೇ ಆವರಣದ ಒಂಬತ್ತು ಮಹಡಿಯ ಆಫೀಸು. ಕರೆಂಟು ಹೋದಾಗಲೆಲ್ಲ ಅದರ ಜನರೇಟರ್ ಹೊಗೆ ಸೀದಾ ನಮ್ಮ ಮಲಗುವ ಕೋಣೆಗೆ. ಕೇಳಿದರೆ ‘ನಿಯಮದ ಪ್ರಕಾರವೇ ಇದೆ’ ಎನ್ನುತ್ತಾರೆ.
— ಒಬ್ಬ ನಿವಾಸಿ, ಬೆಂಗಳೂರು ಉತ್ತರ

ಉತ್ತರ: ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಅದೇ ಇಲ್ಲಿನ ತೊಡಕು. ಹೊಗೆಕೊಳವೆಯ ಎತ್ತರದ ಸೂತ್ರ ಹೀಗಿದೆ: ಜನರೇಟರ್ ಇರುವ ಕಟ್ಟಡದ ಎತ್ತರ, ಅದರ ಮೇಲೆ 0.2 ಗುಣಿಸು ಕೆವಿಎ ಸಾಮರ್ಥ್ಯದ ವರ್ಗಮೂಲ. ಯಂತ್ರ 1000 ಕೆವಿಎ ಎನ್ನಿ. ವರ್ಗಮೂಲ 31.6, ಅದರ 0.2 ಪಾಲು 6.3 ಮೀಟರ್. ಆಫೀಸು ಮಹಡಿಗೆ 4 ಮೀಟರಿನಂತೆ ಒಂಬತ್ತು ಮಹಡಿ 36 ಮೀಟರ್. ಕೊಳವೆಯ ಬಾಯಿ 42.3 ಮೀಟರಿನಲ್ಲಿ. ಮನೆಯ ಮಹಡಿ 3 ಮೀಟರಿನ ಲೆಕ್ಕದಲ್ಲಿ ಅದು ಸರಿಯಾಗಿ ನಿಮ್ಮ 14ನೇ ಮಹಡಿ! ಸೂತ್ರ ಜನರೇಟರ್ ಇರುವ ಕಟ್ಟಡವನ್ನು ನೋಡುತ್ತದೆ, ಪಕ್ಕದ ಗೋಪುರವನ್ನಲ್ಲ.

ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಕಾರ್ಯಾಚರಣೆ ಸಮ್ಮತಿಪತ್ರದ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ಜನರೇಟರಿನ ಸಾಮರ್ಥ್ಯ, ಕೊಳವೆಯ ಎತ್ತರ ಬರೆದಿರುತ್ತದೆ. ಅಳೆದು ತಾಳೆ ನೋಡಿ. ಎಷ್ಟೋ ಕಡೆ ಆಮೇಲೆ ತಂದ ಎರಡನೇ ಯಂತ್ರ ಅದರಲ್ಲಿ ಇರುವುದೇ ಇಲ್ಲ. ಎಲ್ಲ ಸರಿಯಿದ್ದರೂ ಹೊಗೆ ಬಂದರೆ ಕೊಳವೆಯನ್ನು ಮನೆಗೋಪುರದ ತುದಿಯವರೆಗೆ ಒಯ್ಯುವುದು ಶಾಶ್ವತ ಪರಿಹಾರ. ಅಷ್ಟು ಉದ್ದಕ್ಕೆ ಅದೇ ವ್ಯಾಸದ ಪೈಪು ಹಾಕಿದರೆ ಹಿಂದೊತ್ತಡ (ಹೊಗೆ ಸರಾಗವಾಗಿ ಹೊರಹೋಗದೆ ಎಂಜಿನ್ನಿನ ಕಡೆಗೆ ಒತ್ತುವುದು) ಏರಿ ಎಂಜಿನ್ನಿನ ಬಲ ಕುಗ್ಗುತ್ತದೆ, ಕಪ್ಪು ಹೊಗೆ ಇನ್ನೂ ಹೆಚ್ಚುತ್ತದೆ. ಎಂಜಿನ್ ತಯಾರಕರು ಕೊಟ್ಟ ಹಿಂದೊತ್ತಡದ ಮಿತಿ ಹಿಡಿದು ದೊಡ್ಡ ವ್ಯಾಸದ, ಉಷ್ಣಕವಚವಿರುವ ಪೈಪನ್ನೇ ಲೆಕ್ಕ ಹಾಕಿ ಹಾಕಬೇಕು. ಅದಾಗದಿದ್ದರೆ ಕೊಳವೆಗೆ ಹೊಗೆಕಣ ಹಿಡಿಯುವ ಸಾಧನ ಜೋಡಿಸಿ. ಹೊಸದಾಗಿ ಕೊಳ್ಳುವುದಾದರೆ 2023ರ ಜುಲೈನಿಂದ ಜಾರಿಯಲ್ಲಿರುವ ಬಿಗಿ ಮಿತಿಯ ಯಂತ್ರವೇ ಬರುತ್ತದೆ, ಹೊಗೆ ಬಹಳ ಕಡಿಮೆ.

ಸದ್ದಿಗೂ ಅಳತೆಯಿದೆ: ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ವಸತಿ ಪ್ರದೇಶದ ಒಟ್ಟು ಸದ್ದಿನ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ವಾರದ ಪರೀಕ್ಷಾ ಚಾಲನೆಯನ್ನು ಕೆಲಸದ ದಿನದ ಮಧ್ಯಾಹ್ನಕ್ಕೆ ನಿಗದಿ ಮಾಡಿಸಿ. ಭಾನುವಾರ ಬೆಳಗ್ಗೆ ಆರಕ್ಕೆ ಮಾಡುವ ಅಭ್ಯಾಸ ಎಲ್ಲಿಂದ ಬಂತೋ ಕಾಣೆವು.

ಪ್ರಶ್ನೆ: ನಮ್ಮಲ್ಲಿ 200 ಮನೆ, ಜೊತೆಗೆ ಸುಮಾರು 2,000 ಜನ ಕೂರುವ ಆಫೀಸು. ಎರಡಕ್ಕೂ ಒಂದೇ ಎಸ್‌ಟಿಪಿ. ಪ್ರತಿ ಸೋಮವಾರ ಬೇಸ್‌ಮೆಂಟಿನಲ್ಲಿ ಕೊಳೆತ ಮೊಟ್ಟೆಯ ವಾಸನೆ, ಫ್ಲಶ್ ನೀರು ಹಳದಿ. ಆಪರೇಟರ್ ಬದಲಿಸಿ ನೋಡಿದ್ದಾಯಿತು.
— ಅಸೋಸಿಯೇಷನ್ ಕಾರ್ಯದರ್ಶಿ, ವೈಟ್‌ಫೀಲ್ಡ್

ಉತ್ತರ: ಆಪರೇಟರ್ ಪಾಪದವನು. ತಪ್ಪು ವಾರದ ಲಯದಲ್ಲಿದೆ. ಲೆಕ್ಕ ನೋಡಿ. ಮನೆಗೆ ಐದು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ವಿನ್ಯಾಸದ ಲೆಕ್ಕದಲ್ಲಿ 1,35,000 ಲೀಟರ್. ಆಫೀಸಿನಲ್ಲಿ ತಲೆಗೆ 45 ಲೀಟರಿನಂತೆ 90,000. ಒಟ್ಟು 2,25,000 ಲೀಟರಿನಲ್ಲಿ 80 ಶೇಕಡಾ ಕೊಳಚೆಯಾಗಿ ಬಂದರೆ ದಿನಕ್ಕೆ 1,80,000 ಲೀಟರ್. ಶನಿವಾರ ಭಾನುವಾರ ಆಫೀಸು ಮುಚ್ಚಿದರೆ ಅದು 1,08,000ಕ್ಕೆ ಇಳಿಯುತ್ತದೆ. ಸೋಮವಾರ ಹತ್ತು ಗಂಟೆಗೆ ಮತ್ತೆ ಒಮ್ಮೆಲೇ ಏರುತ್ತದೆ.

ಪ್ರಮಾಣಕ್ಕಿಂತ ಗುಣ ಮುಖ್ಯ. ಮನೆಯ ಕೊಳಚೆಯಲ್ಲಿ ಸ್ನಾನ, ಬಟ್ಟೆ, ಪಾತ್ರೆಯ ನೀರು ಬೆರೆತಿರುತ್ತದೆ. ಆಫೀಸಿನದು ಬಹುಪಾಲು ಮೂತ್ರ ಮತ್ತು ಫ್ಲಶ್; ಅಮೋನಿಯಾ ಹೆಚ್ಚು, ಸೂಕ್ಷ್ಮಾಣುಗಳಿಗೆ ತಿನ್ನಲು ಬೇಕಾದ ಇಂಗಾಲ ಕಡಿಮೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಸೂಕ್ಷ್ಮಾಣುಗಳು ನಿಧಾನಿಗಳು. ಎರಡು ದಿನ ಅರೆಹೊಟ್ಟೆಯಲ್ಲಿದ್ದು ಸೋಮವಾರ ಹಬ್ಬದೂಟ ಬಡಿಸಿದರೆ ತಡೆದುಕೊಳ್ಳುವುದಿಲ್ಲ. ಅದೂ ಅಲ್ಲದೆ ಪ್ರತಿ 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ನೀರಿನ ಸುಮಾರು 7 ಗ್ರಾಂ ಕ್ಷಾರತೆ (ಆಮ್ಲವನ್ನು ತಡೆಯುವ ಗುಣ) ಖರ್ಚಾಗುತ್ತದೆ. ಆಮ್ಲ–ಕ್ಷಾರದ ಅಳತೆಯಾದ ಪಿಎಚ್ 6.5ರ ಕೆಳಗಿಳಿದರೆ ಕೆಲಸ ಬಹುತೇಕ ನಿಂತಂತೆ.

ಮೊಟ್ಟೆ ವಾಸನೆಯ ಮೂಲ ಬೇರೆ. ವಾರಾಂತ್ಯದಲ್ಲಿ ಕರೆಂಟು ಉಳಿಸಲು ಸಂಗ್ರಹ ತೊಟ್ಟಿಯ ಬ್ಲೋವರ್ (ಗಾಳಿ ಊದುವ ಯಂತ್ರ) ನಿಲ್ಲಿಸಿರುತ್ತಾರೆ, ಕೇಳಿ ನೋಡಿ. ಗಾಳಿಯಿಲ್ಲದೆ ನಿಂತ ಕೊಳಚೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸೋಮವಾರ ಬ್ಲೋವರ್ ಹಾಕಿದ ಕೂಡಲೇ ಅಷ್ಟೂ ಒಟ್ಟಿಗೆ ಮೇಲೇಳುತ್ತದೆ.

ಮಾಡಬೇಕಾದ್ದು: ಸಂಗ್ರಹ ತೊಟ್ಟಿಯ ಗಾಳಿ 24 ಗಂಟೆಯೂ ನಡೆಯಲಿ. ಶುಕ್ರವಾರ ಸಂಜೆ ಆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಡಿ. ತುಂಬಿದ್ದನ್ನು ಎರಡು ದಿನಕ್ಕೆ ಹಂಚಿ ಸಮವಾಗಿ ಪಂಪ್ ಮಾಡಿ. ಸೋಮವಾರವೂ ಬಂದಷ್ಟನ್ನೂ ನೂಕದೆ ಗಂಟೆಗೆ ಇಷ್ಟೇ ಎಂದು ವಾಲ್ವ್ ಹಿಡಿಯಿರಿ. ಇದಕ್ಕೆ ತೊಟ್ಟಿ ದೊಡ್ಡದಿರಬೇಕು. ಬರೀ ಮನೆಗಳ ಕಡೆ ಆರು ಗಂಟೆಯ ಹರಿವು ಹಿಡಿದರೆ ನಡೆಯುತ್ತದೆ, ಮಿಶ್ರ ಕಟ್ಟಡಕ್ಕೆ ಹತ್ತು ಹನ್ನೆರಡು ಗಂಟೆಯದ್ದು ಬೇಕೆಂಬುದು ನಮ್ಮ ಅಭಿಪ್ರಾಯ. ಸೂಕ್ಷ್ಮಾಣುಗಳು ಕೆಲಸ ಮಾಡುವ ಗಾಳಿ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಲಿ. ಒಂದು ಲೀಟರ್ ಜಾಡಿಯಲ್ಲಿ ಆ ನೀರು ಹಿಡಿದು 30 ನಿಮಿಷ ಅಲುಗಿಸದೆ ಇಡಿ. ಕೆಸರು 250ರಿಂದ 400 ಮಿಲಿಲೀಟರಿನ ಗೆರೆಗೆ ಕೂತರೆ ಆರೋಗ್ಯ ಸರಿ. ಈ ಜಾಡಿ ಪರೀಕ್ಷೆಗೆ ಪೈಸೆ ಖರ್ಚಿಲ್ಲ, ದಿನವೂ ಪುಸ್ತಕದಲ್ಲಿ ಬರೆಸಿ. ಪಿಎಚ್ ಇಳಿದರೆ ಸೋಡಾ ಪುಡಿ ಅಥವಾ ಸುಣ್ಣದ ತಿಳಿ ಹಾಕಿ. ಗಾಳಿ ತೊಟ್ಟಿಯ ಮುಂದೆ ಗಾಳಿಯಿಲ್ಲದ ಕಲಕು ತೊಟ್ಟಿಯೊಂದನ್ನು ಕೂಡಿಸಿ ನೀರನ್ನು ಹಿಂದಕ್ಕೆ ಸುತ್ತಿಸಿದರೆ ಕಳೆದುಹೋದ ಕ್ಷಾರತೆಯಲ್ಲಿ ಅರ್ಧದಷ್ಟು ಮರಳಿ ಬರುತ್ತದೆ. ಆಫೀಸು ಕ್ಯಾಂಟೀನಿನ ಎಣ್ಣೆ ಜಿಡ್ಡಿನ ಟ್ರ್ಯಾಪನ್ನು ವಾರಕ್ಕೊಮ್ಮೆ ತೆಗೆಸಿ; ಆ ಖರ್ಚು ಆಫೀಸಿನದೇ.

ಒಂದು ವಿಷಯದಲ್ಲಿ ರಾಜಿಯಿಲ್ಲ. ಎಷ್ಟೇ ತುರ್ತಿರಲಿ, ಮುಚ್ಚಿದ ತೊಟ್ಟಿಗೆ ಮನುಷ್ಯರನ್ನು ಇಳಿಸಬೇಡಿ. ಆ ಮೊಟ್ಟೆ ವಾಸನೆಯ ಅನಿಲ ಹೆಚ್ಚಾದಾಗ ಮೂಗಿಗೆ ಗೊತ್ತಾಗುವ ಶಕ್ತಿಯೇ ಹೋಗಿ, ಒಂದೆರಡು ಉಸಿರಿಗೆ ಜೀವ ತೆಗೆಯುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪ್ರಶ್ನೆ: ಮನೆಗಳ ಒಟ್ಟು ವಿಸ್ತೀರ್ಣ 3 ಲಕ್ಷ ಚದರಡಿ, ಆಫೀಸು 2 ಲಕ್ಷ. ಎಲ್ಲ ಖರ್ಚನ್ನೂ 60:40 ಹಂಚುತ್ತಿದ್ದೇವೆ. ಇಬ್ಬರಿಗೂ ಸಮಾಧಾನವಿಲ್ಲ. ಸರಿಯಾದ ಕ್ರಮ ಯಾವುದು?
— ಖಜಾಂಚಿ, ಬೆಂಗಳೂರು

ಉತ್ತರ: ಚದರಡಿಯೊಂದೇ ಅಳತೆಗೋಲಾದರೆ ಸಮಾಧಾನ ಬರುವುದಿಲ್ಲ. ಖರ್ಚನ್ನು ಮೂರು ಪುಸ್ತಕ ಮಾಡಿ: ಮನೆಯದ್ದು ಮಾತ್ರ (ಈಜುಕೊಳ, ಕ್ಲಬ್, ಮನೆ ಲಿಫ್ಟು), ಆಫೀಸಿನದ್ದು ಮಾತ್ರ (ಎಸಿಗೆ ನೀರು ತಣಿಸುವ ಚಿಲ್ಲರ್, ಆಫೀಸು ಲಾಬಿ, ಗಾಜಿನ ಹೊರಮೈ ತೊಳೆಯುವುದು), ಇಬ್ಬರದ್ದೂ. ಮೂರನೇ ಪುಸ್ತಕದಲ್ಲಿ ಮೀಟರ್ ಇಡಬಹುದಾದ್ದಕ್ಕೆಲ್ಲ ಮೀಟರ್ ಇಡಿ, ಇಡಲಾಗದ್ದನ್ನು ಮಾತ್ರ ಚದರಡಿಯಿಂದ ಭಾಗಿಸಿ.

ಉದಾಹರಣೆಗೆ ಎಸ್‌ಟಿಪಿ ಖರ್ಚು ತಿಂಗಳಿಗೆ 3 ಲಕ್ಷ ಎನ್ನಿ. ನೀರಿನ ಮೀಟರ್ ಪ್ರಕಾರ ಮನೆಗಳು 3,600 ಕಿಲೋಲೀಟರ್, ಆಫೀಸು 1,500 ಬಳಸಿದ್ದರೆ ಮನೆಗಳ ಪಾಲು ಸುಮಾರು 2.12 ಲಕ್ಷ, ಆಫೀಸಿನದು 88 ಸಾವಿರ. ನಿಮ್ಮ 60:40ರಲ್ಲಿ ಆಫೀಸು 1.20 ಲಕ್ಷ ಕಟ್ಟುತ್ತಿದೆ, ಗೊಣಗುವುದು ನ್ಯಾಯ. ಡೀಸೆಲ್ಲಿಗೆ ಬನ್ನಿ. ಜನರೇಟರಿನಿಂದ ಆಫೀಸು 8,000 ಯೂನಿಟ್, ಮನೆ ಕಡೆ 2,000 ಎಳೆದಿದ್ದರೆ ಹಂಚಿಕೆ 80:20 ಆಗಬೇಕು. ಇಲ್ಲಿ ಗೊಣಗಬೇಕಾದವರು ಮನೆಯವರು. ಗೇಟಿನ ಕಾವಲು, ಒಳರಸ್ತೆ, ಅಗ್ನಿಶಾಮಕ ಪಂಪು, ಮಳೆನೀರು ಇಂಗುಗುಂಡಿ ಇವು ಚದರಡಿಯ ಬಾಬ್ತು. ದೊಡ್ಡ ದುರಸ್ತಿಯ ಸಿಂಕಿಂಗ್ ಫಂಡ್ ಅನ್ನೂ ಇದೇ ಮೂರು ಭಾಗ ಮಾಡಿ ಬೇರೆ ಬೇರೆ ಖಾತೆಯಲ್ಲಿಡಿ, ಇಲ್ಲವಾದರೆ ಚಿಲ್ಲರ್ ಬದಲಿಸುವ ವರ್ಷ ಮನೆಯವರ ಬಣ್ಣದ ದುಡ್ಡು ಕರಗುತ್ತದೆ. ಕರೆಂಟಿನ ಸಂಪರ್ಕವೂ ಬೇರೆಯಾಗಿರಲಿ. ವಸತಿ ದರ, ವಾಣಿಜ್ಯ ದರ ಬೇರೆ.

ಈಗ ಮತದ ವಿಚಾರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಮುಖ್ಯವಾಗಿ ವಸತಿಗೆ ಬಳಸುವ ಆಸ್ತಿಗೆ ಅನ್ವಯಿಸುವಂಥದ್ದು. ಆಫೀಸೇ ದೊಡ್ಡ ಪಾಲಾಗಿರುವ ಕಡೆ ಆ ಕಾಯ್ದೆಯಡಿ ಡೀಡ್ ಆಫ್ ಡಿಕ್ಲರೇಷನ್ (ಪ್ರತಿ ಒಡೆಯರ ಪಾಲು ಬರೆದಿಡುವ ಘೋಷಣಾ ಪತ್ರ) ಮಾಡಿಸುವ ಮುನ್ನ ವಕೀಲರ ಅಭಿಪ್ರಾಯ ಬರಹದಲ್ಲಿ ಪಡೆಯಿರಿ. ಆ ಕಾಯ್ದೆಯಲ್ಲಿ ಬಹುಮತ ಎಂದರೆ ತಲೆ ಎಣಿಕೆಯಲ್ಲ, ಡಿಕ್ಲರೇಷನ್ನಿನಲ್ಲಿ ಬರೆದ ಶೇಕಡಾವಾರು ಪಾಲಿನ 51. ಪಾಲನ್ನು ವಿಸ್ತೀರ್ಣದಿಂದಲ್ಲ, ಮೌಲ್ಯದಿಂದ ಲೆಕ್ಕ ಹಾಕುತ್ತಾರೆ. ಆಫೀಸಿನ ಚದರಡಿ ಬೆಲೆ ಹೆಚ್ಚಿದ್ದರೆ 40 ಶೇಕಡಾ ಜಾಗದವರಿಗೆ 50 ದಾಟಿದ ಪಾಲು ಸಿಗಬಹುದು. ಅಷ್ಟೂ ಆಫೀಸು ಬಿಲ್ಡರ್ ಕೈಯಲ್ಲೇ ಉಳಿದಿದ್ದರೆ 200 ಸಂಸಾರಗಳ ಸಭೆಯಲ್ಲಿ ಗೆಲ್ಲುವುದು ಒಂದೇ ಕೈ. ಒಮ್ಮೆ ಬರೆದ ಪಾಲನ್ನು ಬದಲಿಸಲು ಎಲ್ಲ ಒಡೆಯರ ಒಪ್ಪಿಗೆ ಬೇಕು. ಆದ್ದರಿಂದ ಬೈಲಾದಲ್ಲೇ ವಸತಿ ಸಮಿತಿ, ಆಫೀಸು ಸಮಿತಿ, ಮೇಲೊಂದು ಜಂಟಿ ಸಮಿತಿ ಎಂದು ಮಾಡಿ, ಜಂಟಿ ಸಮಿತಿಯಲ್ಲಿ ಸಮ ಸದಸ್ಯರನ್ನಿಟ್ಟು, ಮನೆಗೆ ಮಾತ್ರ ತಟ್ಟುವ ವಿಷಯಕ್ಕೆ ಮನೆಯವರ ಮತ ಮಾತ್ರ ಎಂದು ಬರೆಸಿ.

‘ನಾವು ಕ್ಲಬ್ ಬಳಸುವುದಿಲ್ಲ, ಕೊಡುವುದಿಲ್ಲ’ ಎನ್ನುವ ಮನೆಯವರಿಗೆ: ಬಳಸದಿರುವುದರಿಂದ ವಿನಾಯಿತಿ ಸಿಗದು, ಕಾಯ್ದೆಯೇ ಹಾಗೆ ಹೇಳುತ್ತದೆ. ಜಿಎಸ್‌ಟಿ ಲೆಕ್ಕದಲ್ಲಿ ತಿಂಗಳಿಗೆ ಸದಸ್ಯರೊಬ್ಬರಿಗೆ 7,500 ರೂಪಾಯಿಯವರೆಗಿನ ವಿನಾಯಿತಿ ವಸತಿಗೆ ಮಾತ್ರ. ಆಫೀಸಿನ ಬಿಲ್ಲಿಗೆ ಅದನ್ನು ಹಚ್ಚಬೇಡಿ.

ಪ್ರಶ್ನೆ: ಬಾಲ್ಕನಿಯಲ್ಲಿ ಎಸಿ ಹಾಕಿಸಲು ಗೋಡೆ ಕೊರೆಯಬೇಕು. ಅಸೋಸಿಯೇಷನ್ ಬೇಡ ಎನ್ನುತ್ತಿದೆ. ನಮ್ಮ ಮನೆಯ ಗೋಡೆ ನಮ್ಮದಲ್ಲವೇ?
— ಗೃಹಿಣಿ, ಯಲಹಂಕ

ಉತ್ತರ: ಅಲ್ಲ! ಎತ್ತರದ ಹೊಸ ಗೋಪುರಗಳಲ್ಲಿ ಹೆಚ್ಚಿನವು ಮೈವಾನ್, ಎಂದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದವು. ಗೋಡೆಯೇ ಕಂಬ. ಪಟ, ಗಡಿಯಾರಕ್ಕೆ 8 ಮಿಲಿಮೀಟರ್ ತೂತು, ನಾಲ್ಕು ಸೆಂಟಿಮೀಟರ್ ಆಳ ತೊಂದರೆಯಿಲ್ಲ. ಎಸಿ ಪೈಪಿನ ದೊಡ್ಡ ತೂತಿಗೆ ಸಾಮಾನ್ಯವಾಗಿ ಎರಕದಲ್ಲೇ ತೋಳು ಬಿಟ್ಟಿರುತ್ತಾರೆ, ನಕ್ಷೆಯಲ್ಲಿ ಹುಡುಕಿ. ಇಲ್ಲದಿದ್ದರೆ ಕಂಬಿ ಎಲ್ಲಿದೆ ಎಂದು ಸ್ಕ್ಯಾನ್ ಮಾಡಿಸಿ, ಕೋರ್ ಕಟರಿನಿಂದಲೇ ಕೊರೆಸಿ. ಸುತ್ತಿಗೆ ಉಳಿ ಬೇಡ. ಕೆಳಗಿನ ಆಫೀಸಿನವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿನ ಹಾಸುಗಳಲ್ಲಿ ಎಳೆದು ಬಿಗಿದ ಉಕ್ಕಿನ ಹುರಿಗಳಿರುವುದು ಸಾಮಾನ್ಯ, ಒಂದು ತುಂಡಾದರೆ ಸರಿಪಡಿಸುವುದು ಲಕ್ಷಗಳ ಮಾತು.

ಪ್ರಶ್ನೆ: ಆಫೀಸಿನಲ್ಲಿ ಬೆಂಕಿ ಬಿದ್ದರೆ ಮೇಲಿನ ನಮ್ಮ ಗತಿ?
— ಹಿರಿಯ ನಾಗರಿಕರು, 22ನೇ ಮಹಡಿ

ಉತ್ತರ: ಮೊದಲು ಜನರ ಲೆಕ್ಕ. ರಾಷ್ಟ್ರೀಯ ಕಟ್ಟಡ ಸಂಹಿತೆ ಆಫೀಸಿನಲ್ಲಿ 10 ಚದರ ಮೀಟರಿಗೆ ಒಬ್ಬರು, ಮನೆಯಲ್ಲಿ 12.5ಕ್ಕೆ ಒಬ್ಬರು ಎಂದು ಹಿಡಿಯುತ್ತದೆ. ತಲಾ 2,000 ಚದರ ಮೀಟರಿನ ಎಂಟು ಆಫೀಸು ಮಹಡಿಯಿದ್ದರೆ 1,600 ಜನ. ಅವರೂ ನೀವೂ ಒಂದೇ ಮೆಟ್ಟಿಲಿಗೆ ಬಂದರೆ ಮೇಲಿನವರು ಇಳಿಯಲಾರರು. ಹಾಗಾಗಿ ಮನೆಗಳಿಗೆ ಬೇರೆ ಮೆಟ್ಟಿಲು ಇರಬೇಕು, ಅದು ಆಫೀಸು ಮಹಡಿಗಳಲ್ಲಿ ಬಾಗಿಲಿಲ್ಲದೆ ನೇರ ನೆಲಕ್ಕೆ ಬರಬೇಕು, ಬೇಸ್‌ಮೆಂಟಿಗೆ ಮುಂದುವರಿಯಬಾರದು. ನಿಮ್ಮ ಕಟ್ಟಡದಲ್ಲಿ ಹೀಗಿದೆಯೇ, ಒಮ್ಮೆ ಇಳಿದು ನೋಡಿಸಿ.

ಮೆಟ್ಟಿಲೊಳಗೆ ಹೊಗೆ ಬಾರದಂತೆ ಫ್ಯಾನುಗಳು 50 ಪ್ಯಾಸ್ಕಲ್ ಒತ್ತಡ ಕೊಡಬೇಕು. ಒತ್ತಡ ಹೆಚ್ಚಾದರೆ ಬಾಗಿಲು ತೆರೆಯಲು ವಯಸ್ಸಾದವರಿಗೆ ಆಗುವುದಿಲ್ಲ. 133 ನ್ಯೂಟನ್, ಸುಮಾರು ಹದಿಮೂರೂವರೆ ಕಿಲೋ ಬಲಕ್ಕೆ ತೆರೆಯಬೇಕೆಂದು ನಿಯಮ. ಅಣಕು ಕಾರ್ಯಾಚರಣೆಯ ದಿನ ನೀವೇ ತಳ್ಳಿ ನೋಡಿ. ಆಫೀಸು ಮಹಡಿಗಳಿಗೆ ಆಸರೆ ಜಾಗ (ಬೆಂಕಿಯ ವೇಳೆ ಜನ ಸುರಕ್ಷಿತವಾಗಿ ನಿಲ್ಲುವ ಜಾಗ) 24 ಮೀಟರ್ ಎತ್ತರದಲ್ಲೊಂದು, ಆಮೇಲೆ ಪ್ರತಿ 15 ಮೀಟರಿಗೊಂದು ಬೇಕು. ಅಲ್ಲಿ ಹಳೆ ಕುರ್ಚಿ ಪೇರಿಸಿಟ್ಟಿದ್ದರೆ ಫೋಟೊ ತೆಗೆದು ದೂರು ಕೊಡಿ.

ನಿಜವಾದ ಅಪಾಯ ಬಾಡಿಗೆದಾರರು ಬದಲಾಗುವಾಗ. ಹೊಸ ಕಂಪನಿ ಒಳಾಂಗಣ ಮಾಡಿಸುವಾಗ ಕೇಬಲಿಗಾಗಿ ಶಾಫ್ಟಿನಲ್ಲಿ ತೂತು ಕೊರೆದು ಮುಚ್ಚದೆ ಹೋಗುತ್ತದೆ. ಅದೇ ತೂತು ಹೊಗೆಗೆ ಚಿಮಣಿ. ಹೊಸ ಗೋಡೆ ಎದ್ದ ಕಡೆ ಸ್ಪ್ರಿಂಕ್ಲರ್ ಅರ್ಧ ಕೋಣೆಗೆ ತಲುಪುವುದಿಲ್ಲ. ಒಳಾಂಗಣ ಕೆಲಸಕ್ಕೆ ಠೇವಣಿ ಹಿಡಿದು, ತೂತುಗಳಿಗೆ ಬೆಂಕಿತಡೆ ಮಸಾಲೆ ತುಂಬಿದ್ದನ್ನು ಕಣ್ಣಾರೆ ಕಂಡ ಮೇಲೆ ಹಿಂದಿರುಗಿಸುವ ಪದ್ಧತಿ ಇಡಿ. ಆಫೀಸಿನ ಅಲಾರಂ ಮನೆ ಕಡೆಯ ಕಾವಲು ಕೋಣೆಯಲ್ಲೂ ಮೊಳಗಲಿ. ಪಂಪ್ ಕೋಣೆಯ ಬೀಗದ ಕೈ ಭಾನುವಾರವೂ ಕೈಗೆಟುಕುವ ಕಡೆ ಇರಲಿ.

ಪ್ರಶ್ನೆ: ಮಸ್ಕತ್ತಿನಲ್ಲಿ ದುಡಿಯುತ್ತಿದ್ದೇನೆ, ಊರು ಮಂಗಳೂರು. ಬೆಂಗಳೂರಿನ ಮಿಶ್ರ ಯೋಜನೆಯಲ್ಲಿ ಸಣ್ಣ ಆಫೀಸು ಕೊಳ್ಳುವುದೋ, ಫ್ಲಾಟೋ?
— ಅನಿವಾಸಿ ಕನ್ನಡಿಗ, ಮಸ್ಕತ್

ಉತ್ತರ: ಅನಿವಾಸಿ ಭಾರತೀಯರು ಎರಡನ್ನೂ ಕೊಳ್ಳಬಹುದು, ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಮಾತ್ರ ಆಗದು. ಕಟ್ಟುತ್ತಿರುವ ಫ್ಲಾಟಿಗೆ ಜಿಎಸ್‌ಟಿ ಸಾಮಾನ್ಯವಾಗಿ 5 ಶೇಕಡಾ. ಆಫೀಸಿಗೆ ಸಾಮಾನ್ಯವಾಗಿ 12. ಆದರೆ ಇಡೀ ಯೋಜನೆಯ ಕಾರ್ಪೆಟ್ ವಿಸ್ತೀರ್ಣದಲ್ಲಿ ವಾಣಿಜ್ಯ ಭಾಗ 15 ಶೇಕಡಾ ಮೀರದಿದ್ದರೆ ಆಫೀಸಿಗೂ 5ರ ದರವೇ. ಬಿಲ್ಡರ್ 12 ಕೇಳಿದರೆ ಈ ಲೆಕ್ಕವನ್ನು ಬರಹದಲ್ಲಿ ಕೇಳಿ. ಕಂಪ್ಲೀಷನ್ ಅಥವಾ ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಬಾಡಿಗೆದಾರ ನಿಮಗೆ ಕೊಡುವ ಬಾಡಿಗೆಯಲ್ಲಿ 30 ಶೇಕಡಾಕ್ಕೆ ಮೇಲು ತೆರಿಗೆ ಮುರಿದುಕೊಳ್ಳಬೇಕು, ಫ್ಲಾಟಾದರೂ ಆಫೀಸಾದರೂ. ಹೆಚ್ಚಾದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯುತ್ತೀರಿ. ನಮ್ಮ ಸಲಹೆ ಕೇಳಿದರೆ: ದೂರದಲ್ಲಿದ್ದು ನಿಭಾಯಿಸುವವರಿಗೆ ಫ್ಲಾಟು ಒಳಿತು. ಸಣ್ಣ ಆಫೀಸು ಖಾಲಿ ಬಿದ್ದರೆ ತಿಂಗಳುಗಟ್ಟಲೆ ಬೀಳುತ್ತದೆ, ಮೆಂಟೇನೆನ್ಸ್ ಆಗಲೂ ನಿಮ್ಮ ತಲೆಗೇ.

ಪ್ರಶ್ನೆ: ಹಗಲು ಆಫೀಸಿನವರು ನಮ್ಮ ಅತಿಥಿ ಪಾರ್ಕಿಂಗ್ ತುಂಬುತ್ತಾರೆ. ಬಿಲ್ಡರ್ ಬಯಲು ಪಾರ್ಕಿಂಗನ್ನೂ ಮಾರಿದ್ದಾನೆ.
— ನಿವಾಸಿಗಳ ಗುಂಪು, ಕನಕಪುರ ರಸ್ತೆ

ಉತ್ತರ: ಬಯಲು ಪಾರ್ಕಿಂಗ್ ರೇರಾ ಪ್ರಕಾರ ಸಾಮಾನ್ಯ ಜಾಗ, ಮಾರುವಂತಿಲ್ಲ. ಬಯಲು ಮತ್ತು ಸ್ಟಿಲ್ಟ್ (ಕಟ್ಟಡದಡಿ ಕಂಬಗಳ ನಡುವಿನ) ಪಾರ್ಕಿಂಗನ್ನು ಫ್ಲಾಟಿನಿಂದ ಬೇರೆಯಾಗಿ ಮಾರಲಾಗದೆಂದು ಮುಂಬೈನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ರಸೀದಿ, ಅಗ್ರಿಮೆಂಟ್ ಪ್ರತಿಗಳೊಂದಿಗೆ ರೇರಾದಲ್ಲಿ ದೂರು ಹಾಕಿ. ಹಗಲಿನ ತಂಟೆಗೆ ಉಪಾಯ ಸರಳ: ಮಂಜೂರಾದ ನಕ್ಷೆಯ ಪಾರ್ಕಿಂಗ್ ಹಾಳೆ ತೆಗೆದು ಮನೆಯ ಅತಿಥಿ ಜಾಗಗಳಿಗೆ ಸಂಖ್ಯೆ ಬರೆಸಿ, ಆ ಮಹಡಿಗೆ ಬೇರೆ ಗೇಟು ಹಾಕಿ. ಬದಲಿಗೆ ರಾತ್ರಿ ಎಂಟರ ಮೇಲೆ ಮತ್ತು ಭಾನುವಾರ ಆಫೀಸಿನ ಜಾಗದಲ್ಲಿ ನಿಮ್ಮ ನೆಂಟರ ಕಾರು ನಿಲ್ಲಲಿ ಎಂದು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಇಬ್ಬರ ಹೊತ್ತೂ ಬೇರೆಯಾಗಿರುವುದರಿಂದ ಇದು ನಡೆಯುತ್ತದೆ.

ಪ್ರಶ್ನೆ: ಫ್ಲಾಟಿನಲ್ಲೇ ಹತ್ತು ಜನರ ಆಫೀಸು ನಡೆಸಬಹುದೇ? ಕೆಳಗೆ ಹೇಗೂ ಆಫೀಸುಗಳಿವೆಯಲ್ಲ.
— ಯುವ ಉದ್ಯಮಿ, ಕೋರಮಂಗಲ

ಉತ್ತರ: ಕೆಳಗಿರುವುದು ಆಫೀಸೆಂದೇ ಮಂಜೂರಾದದ್ದು, ನಿಮ್ಮದು ಮನೆಯೆಂದು. ಕರೆಂಟಿನ ದರ, ಆಸ್ತಿ ತೆರಿಗೆ, ಬೈಲಾ ಮೂರೂ ನಿಮ್ಮ ವಿರುದ್ಧ. ಕೆಳಗಿನ ಆಫೀಸು ಮಹಡಿಗೆ ಇಳಿದು ಬಾಡಿಗೆಗೆ ಒಂದು ಕೋಣೆ ಹಿಡಿಯಿರಿ.